ಮೊದಲ ನೀರು ಬಿಡುತ್ತಿದ್ದವನು

ನಮ್ಮೂರ ಪಟ್ಟಣ ಪಂಚಾಯತಿಯ ಸಭೆಯಲ್ಲಿ ಅವನಿಗಾಗಿ ಒಂದು ನಿಮಿಷ ಮೌನ ಆಚರಿಸಿದರಂತೆ. ಒಂದು ನಿಮಿಷ ಅಂದದ್ದು ಬಾಯಿಮಾತಿಗೆ. ಅರ್ಧಕ್ಕೇ ಯಾರದೋ ಮೊಬೈಲು ಹಾಡತೊಡಗಿ, ಎಲ್ಲರೂ ಗಂಟಲು ಸರಿಮಾಡಿಕೊಂಡು ಕೂತುಬಿಟ್ಟರಂತೆ. ಆಮೇಲೆ ಬೀದಿದೀಪದ ವಿಷಯ ಎತ್ತಿಕೊಂಡರಂತೆ. ಈಗಿನ ಸದಸ್ಯನೊಬ್ಬ ಮನೆಗೆ ಬಂದು ಇದನ್ನು ಹೇಳಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬದುಕಿದ್ದಾಗ ಅವನ ಮಾತಿಗೆ ಅರ್ಧ ನಿಮಿಷ ಕೊಡದವರು, ಈಗ ಎದ್ದು ನಿಂತು ತಲೆ ತಗ್ಗಿಸುತ್ತಾರಂತೆ! ಹಾಗೆ ಬೈದುಕೊಂಡ ಮರುಗಳಿಗೆಗೇ ಆ ಸಿಟ್ಟು ತಿರುಗಿ ನನ್ನ ಮೇಲೇ ಬಂತು. ಕೊಡದವರಲ್ಲಿ ನಾನೂ ಒಬ್ಬಳು. ಮೊದಲನೆಯವಳೇ ನಾನು ಅಂದರೂ ತಪ್ಪಿಲ್ಲ.

ಅವನ ಹೆಸರು ಬರೆಯುವುದಿಲ್ಲ. ಪೊಲೀಸರ ಕಾಗದದಲ್ಲಿ ಹೆಸರು, ಅಪ್ಪನ ಹೆಸರು, ವಯಸ್ಸು, ಕೇರಿ ಎಲ್ಲ ಸೇರಿಸಿ ಬರೆದಿದ್ದಾರೆ, ಅಷ್ಟು ಸಾಕು. ಏಕವಚನದಲ್ಲೇ ಬರೆಯುತ್ತೇನೆ. ಇಪ್ಪತ್ತು ವರ್ಷ "ಬಾರೋ ಮಾರಾಯ, ಕೂತ್ಕೊಳೋ ಮಾರಾಯ" ಅಂದವಳು ಅವನು ಸತ್ತ ಮೇಲೆ ಬಹುವಚನ ಕೊಟ್ಟು ದೊಡ್ಡವಳಾಗುವ ನಾಟಕ ನನ್ನಿಂದ ಆಗದು.

ನಮ್ಮೂರು ಹೆಸರಿಗೆ ಪಟ್ಟಣ. ಎರಡು ಪೇಟೆಬೀದಿ, ಒಂದು ಬಸ್‌ಸ್ಟ್ಯಾಂಡು, ಒಂದು ಸಂತೆಮಾಳ, ಮತ್ತೆ ಊರಿಗಿಂತ ದೊಡ್ಡದಾದ ಒಂದು ಕೆರೆ. ಸಿದ್ದಾಪುರದ ಬಸ್ಸಿನಲ್ಲಿ ಬಂದವರಿಗೆ ಮೊದಲು ಕಾಣುವುದು ಕೆರೆಯೇ. ಊರು ಅದರ ಏರಿಯ ಹಿಂದೆ ಅಡಗಿ ಕೂತಿದೆ. ಏರಿಯ ಮೇಲೆ ಎರಡು ವೀರಗಲ್ಲು. ಏರಿಯ ನಡುಮಧ್ಯದಲ್ಲಿ ನೀರಿಗೆ ಚಾಚಿಕೊಂಡ ಹಳೇ ತೂಬು. ತೂಬು ಅಂದರೆ ದೊಡ್ಡ ಸಂಗತಿ ಏನಲ್ಲ. ನಿಂತ ಎರಡು ಕಲ್ಲುಕಂಬ, ಮೇಲೆ ಅಡ್ಡಕ್ಕೊಂದು ಕಲ್ಲು, ಕೆಳಗೆ ನೀರಿನ ತಳದಲ್ಲಿ ಒಂದು ಬಾಯಿ, ಆ ಬಾಯಿಗೆ ಮತ್ತಿಮರದ ಬಿರಡೆ. ಬಿರಡೆ ಕಿತ್ತರೆ ಕೆರೆಯ ನೀರು ಏರಿಯ ಅಡಿಯಿಂದ ಆಚೆಯ ಹಳ್ಳಕ್ಕೆ ಹೋಗುತ್ತದೆ, ಹಾಕಿದರೆ ಕೆರೆ ತುಂಬುತ್ತದೆ. ಉಸಿರು ಕಟ್ಟಿ ಮುಳುಗಿ ಆ ಬಿರಡೆ ಕೀಳಲಿಕ್ಕೆ, ಹಾಕಲಿಕ್ಕೆ ಬರುತ್ತಿದ್ದವನು ಊರಲ್ಲಿ ಅವನೊಬ್ಬನೇ. ಪಂಚಾಯತಿಯಲ್ಲಿ ಅವನು ನಳದ ವಾಲ್ವು ತಿರುಗಿಸುವ ದಿನಗೂಲಿಯವ. ತೂಬಿನ ಕೆಲಸ ಯಾವ ಕಾಗದದಲ್ಲೂ ಇರಲಿಲ್ಲ. ಅವನಪ್ಪ ಮಾಡುತ್ತಿದ್ದ, ಅಜ್ಜ ಮಾಡುತ್ತಿದ್ದ, ಅದಕ್ಕೆ ಅವನೂ ಮಾಡುತ್ತಿದ್ದ.

ನಾನು ಅದೇ ಊರಿನ ಶಾಲೆಯಲ್ಲಿ ಪಾಠ ಹೇಳಿದವಳು. ಊರೆಲ್ಲ ನನ್ನನ್ನು ಅಕ್ಕೋರೇ ಅನ್ನುತ್ತದೆ, ಅವನೂ ಹಾಗೇ ಅನ್ನುತ್ತಿದ್ದ. ಅವನ ಮಗಳು ನನ್ನ ಕ್ಲಾಸಿನಲ್ಲಿ ಕೂತು ಮಗ್ಗಿ ಕಲಿತವಳು. ನಿವೃತ್ತಿಯಾದ ಮೇಲೆ ಸುಮ್ಮನೆ ಮನೆಯಲ್ಲಿ ಕೂರಲಾರದೆ ವಾರ್ಡಿಗೆ ನಿಂತೆ. "ಎಂತಕ್ಕೆ ಬೇಕೇ ನಿಂಗೆ ಇದೆಲ್ಲ?" ಅಂತ ನಮ್ಮನೆಯವರು ಅಂದರು. ಕೇಳಲಿಲ್ಲ. ಗೆದ್ದೆ. ಗೆದ್ದು ಏನು ಮಾಡಿದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಅವನ ಹುಚ್ಚಿನ ವಿಷಯ. ಊರಿನವರ ಕಣ್ಣಿಗೆ ಅದು ಹುಚ್ಚೇ. ಮಳೆಗಾಲದ ಮೊದಲ ಎರಡು ಮೂರು ಹೊಡೆತಕ್ಕೆ ಬಂದ ನೀರನ್ನು ಅವನು ಕೆರೆಯಲ್ಲಿ ನಿಲ್ಲಿಸಿಕೊಳ್ಳುತ್ತಿರಲಿಲ್ಲ. ತೂಬು ತೆರೆದಿಟ್ಟು ಅಷ್ಟನ್ನೂ ಹೊರಗೆ ಬಿಟ್ಟುಬಿಡುತ್ತಿದ್ದ. ಬೇಸಿಗೆಯೆಲ್ಲ ಬಾಯಿ ಬಿಟ್ಟುಕೊಂಡು ಕೂತ ಊರು, ಕೆರೆಯ ತಳದಲ್ಲಿ ಮೊಣಕಾಲು ನೀರು, ಇವನು ಬಂದ ನೀರನ್ನು ಹರಿಬಿಡುತ್ತಾನೆ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಚಾದಂಗಡಿಯಲ್ಲಿ ಅವನನ್ನು ಕಂಡರೆ ಸಾಕು, "ಎಂಜಿನಿಯರ್ ಸಾಹೇಬ್ರು ಬಂದ್ರು, ಜಾಗ ಬಿಡ್ರೋ, ಕೆರೆ ಖಾಲಿ ಮಾಡಿ ಸುಸ್ತಾಗಿ ಬಂದಾರೆ" ಅಂತ ಕಾಲೆಳೆಯುತ್ತಿದ್ದರು. ಅವನು ನಗುತ್ತಿದ್ದ. "ತಡೀರಿ ಮಾರಾಯ್ರೆ, ಇನ್ನೂ ಮಳೆ ಅದೆ ಅಲ್ದಾ" ಅನ್ನುತ್ತಿದ್ದ.

ನಾನೂ ಒಂದು ಸಲ ಜೋರು ಮಾಡಿದ್ದೆ. ಅವನು ಏರಿಯ ಮೇಲೆ ನಿಂತು ಪೇಟೆಯ ಗಟಾರದ ಕಡೆ ಕೈ ಮಾಡಿದ.

"ಇದು ಊರು ಮೈ ತೊಳ್ಕಂಡ ನೀರು ಅಕ್ಕೋರೇ. ಸಂತೆ ಮಾಳದ್ದು, ಗ್ಯಾರೇಜಿಂದು, ಕೋಳಿ ಅಂಗಡೀದು, ಎಲ್ಲಾ ಇದ್ರಲ್ಲೇ ಅದೆ. ಇದನ್ನ ಕೆರೆಗೆ ಕುಡಿಸೂದಾ?"

"ಹಾಗಾದ್ರೆ ಯಾವಾಗ ಹಾಕ್ತೆ ಬಿರಡೆ?"

ಅವನು ತೂಬಿನ ಮೆಟ್ಟಿಲಿಳಿದು ಮೊಣಕೈವರೆಗೆ ನೀರಿನಲ್ಲಿ ಕೈ ಇಟ್ಟು ಅಂಗೈ ಬಿಡಿಸಿದ. "ನೋಡಿ, ಅಂಗೈಯ ಗೆರೆ ಕಾಣ್ತದಾ?" ನನಗೆ ಅಂಗೈಯೇ ಕಾಣಲಿಲ್ಲ. "ಗೆರೆ ಕಂಡ ದಿನ ಹಾಕೂದು" ಅಂದ. ಅಷ್ಟೇ ಅವನ ವಿಜ್ಞಾನ. ಆ ವರ್ಷ ಹತ್ತು ದಿನ ಬಿಟ್ಟು ಬಿರಡೆ ಹಾಕಿದ, ಕೆರೆ ತುಂಬಿತು. ದೀಪಾವಳಿಯ ಹೊತ್ತಿಗೆ ನೀರು ಎಷ್ಟು ತಿಳಿಯಾಗಿತ್ತು ಅಂದರೆ ತೂಬಿನ ಕಂಬದ ಬುಡದ ತನಕ ಕಾಣುತ್ತಿತ್ತು. ತಾವರೆ ಎಲೆಯ ಮೇಲೆ ಉದ್ದುದ್ದ ಬೆರಳಿಟ್ಟು ನಡೆಯುವ ಹಕ್ಕಿಗಳು ಬಂದವು. ನೀರುನಾಯಿಗಳ ಒಂದು ಸಂಸಾರ ಕೋಡಿಯ ಹತ್ತಿರ ಇತ್ತು, ಅವನು ಅವುಗಳನ್ನು "ನಮ್ಮ ಮೇಲಿನ ಮನೆಯವ್ರು" ಅನ್ನುತ್ತಿದ್ದ.

ನೀರಿಗಿಳಿಯುವ ಮೊದಲು ಚಪ್ಪಲಿಯನ್ನು ಏರಿಯ ಆಚೆ, ಊರಿನ ಕಡೆ ಬಿಡುತ್ತಿದ್ದ. ಕೆರೆ ಕಡೆಗೆ ಬಿಟ್ಟದ್ದನ್ನು ನಾನು ನೋಡಿಲ್ಲ. ಮೇಲೆ ಬಂದ ಮೇಲೆ ತಲೆ ಒಂದು ಕಡೆ ವಾಲಿಸಿ, ಅಂಗೈಯಿಂದ ಕಪಾಲಕ್ಕೆ ಹೊಡೆದು ಕಿವಿಯ ನೀರು ಇಳಿಸುತ್ತಿದ್ದ. ಮುಳುಗಿ ಮುಳುಗಿ ಎಡಗಿವಿ ಪೂರ್ತಿ ಹೋಗಿತ್ತು. ಅದಕ್ಕೇ ಯಾರಾದರೂ ಮಾತಾಡಿಸಿದರೆ ಇಡೀ ಮೈ ತಿರುಗಿಸಿ ಬಲಗಡೆ ಕೊಟ್ಟು ನಿಲ್ಲುತ್ತಿದ್ದ. ಹೊಸಬರಿಗೆ ಇದು ಸೊಕ್ಕಿನ ಹಾಗೆ ಕಾಣುತ್ತಿತ್ತು. ಹೊಸ ಮುಖ್ಯಾಧಿಕಾರಿಯೊಬ್ಬರು ಬಂದ ದಿನವೇ "ಅಡ್ಡ ನಿಂತು ಮಾತಾಡ್ತಾನೆ" ಅಂತ ಸಿಡಿಮಿಡಿಗೊಂಡಿದ್ದರು.

ವೀರಗಲ್ಲನ್ನು ಅವನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದ. ಒಂದು ಸಲ ಶಿರಸಿಯ ಕಡೆಯಿಂದ ಶಾಸನ ಓದುವವರೊಬ್ಬರು ಬಂದು, ತೂಬಿನ ಅಡ್ಡಗಲ್ಲಿಗೆ ಸೀಮೆಸುಣ್ಣ ಉಜ್ಜಿ, ಅಲ್ಲಿ ಇಲ್ಲಿ ಅಕ್ಷರ ಕೂಡಿಸಿ, ಕೆರೆ ನೋಡಿಕೊಳ್ಳುವವನಿಗೆ ಗದ್ದೆ ಬಿಟ್ಟದ್ದರ ಬರಹ ಇದ್ದ ಹಾಗಿದೆ ಅಂದರಂತೆ. ಅವತ್ತಿನಿಂದ ಇವನ ಠೀವಿಯೇ ಬೇರೆ. "ನನ್ನ ಕೆಲಸ ಕಲ್ಲಲ್ಲಿ ಬರ್ದು ಇಟ್ಟಾರೆ ಅಕ್ಕೋರೇ. ಮುಖ್ಯಾಧಿಕಾರಿಗೂ ತೆಗಿಲಿಕ್ಕೆ ಬರೂದಿಲ್ಲ" ಅನ್ನುವವನು. ನಾನು "ಹೌದೋ ಮಾರಾಯ, ಗದ್ದೆ ಎಲ್ಲಿ ಹೋಯ್ತು ಹಾಗಾದ್ರೆ?" ಅಂದರೆ, "ಗದ್ದೆ ಹೋದ್ರೆ ಹೋಗ್ಲಿ, ಕಲ್ಲು ಅದೆ ಅಲ್ದಾ" ಅಂತ ನಗುತ್ತಿದ್ದ.

ಬೇಸಿಗೆಯ ಕೊನೆಗೆ ಕೆರೆಬೇಟೆ ಆಗುತ್ತಿತ್ತು. ಸುತ್ತಲಿನ ಊರಿನವರೆಲ್ಲ ಬಿದಿರಿನ ಬುಟ್ಟಿಯಂಥ ಕೂಣಿ ಹೊತ್ತು ಬಂದು, ಪೂಜೆ ಮುಗಿದದ್ದೇ ತಡ, ಕೆಸರು ನೀರಿಗೆ ಹಾರಿ ಮೀನಿನ ಮೇಲೆ ಕೂಣಿ ಕವುಚುವ ದಿನ ಅದು. ದಿನ ಹೇಳುವವನು ಇವನೇ. ನೀರು ತೂಬಿನ ಎಷ್ಟನೇ ಮೆಟ್ಟಿಲಿಗೆ ಇಳಿದರೆ ಬೇಟೆ, ಎಷ್ಟು ಇದ್ದರೆ ಬೇಡ ಅಂತ ಅವನಿಗೆ ಗೊತ್ತಿತ್ತು. ಮಳೆ ಕಮ್ಮಿಯಾದ ವರ್ಷ "ಈ ಸಲ ಇಲ್ಲ, ತಾಯಿ ಮೀನು ಉಳೀಲಿ" ಅಂದರೆ ಮುಗಿಯಿತು, ಶಾಸಕರು ಬಂದು ಹೇಳಿದರೂ ಅವನು ಅಲುಗುತ್ತಿರಲಿಲ್ಲ. ತಾನು ಮಾತ್ರ ಕೂಣಿ ಹಿಡಿಯುತ್ತಿರಲಿಲ್ಲ. ಏರಿಯ ಮೇಲೆ ನಿಂತು "ಏ, ಸಣ್ಣದು ಬಿಡ್ರೋ, ಬಿಡ್ರೋ ಅದನ್ನ" ಅಂತ ಸಂಜೆಯ ತನಕ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದ.

ಇನ್ನು ನನ್ನ ಕಥೆಗೆ ಬರುತ್ತೇನೆ. ಹೇಳದೆ ವಿಧಿಯಿಲ್ಲ.

ನಾನು ಸದಸ್ಯೆಯಾದ ಎರಡನೇ ವರ್ಷ ಕೆರೆ ಅಭಿವೃದ್ಧಿಯ ಯೋಜನೆ ಬಂತು. ಸುತ್ತ ಗೋಡೆ, ಗೋಡೆಗುಂಟ ನಡೆಯುವ ದಾರಿ, ಸಿಮೆಂಟಿನ ಬೆಂಚು, ದೋಣಿವಿಹಾರ. ತೂಬಿನ ಜಾಗ ನೀರಿಗೆ ಚಾಚಿಕೊಂಡಿದೆಯಲ್ಲ, ಅಲ್ಲಿಂದ ಫೋಟೊ ಚೆನ್ನಾಗಿ ಬರುತ್ತದೆ ಅಂತ ಅದರ ಮೇಲೆ ಕಾಂಕ್ರೀಟು ಹಾಕಿ ಒಂದು ಸೆಲ್ಫಿ ಕಟ್ಟೆ. ನಕ್ಷೆ ಗೋಡೆಗೆ ಅಂಟಿಸಿದ ದಿನ ಇವನು ಅದರೆದುರು ಬಹಳ ಹೊತ್ತು ನಿಂತಿದ್ದ. ಸಂಜೆ ನಮ್ಮ ಮನೆಗೆ ಬಂದ. ಮಗಳ ಹಳೇ ನೋಟ್‌ಬುಕ್ಕಿನ ಹಾಳೆಯಲ್ಲಿ ಪೆನ್ಸಿಲಿನಿಂದ ಚಿತ್ರ ಮಾಡಿಕೊಂಡು ಬಂದಿದ್ದ. ದುಂಡಗಿನ ಕಟ್ಟೆ, ಅದರ ನಡುವೆ ಒಂದು ಚೌಕ.

"ಕಟ್ಟೆ ಬೇಡ ಅನ್ನೂದಿಲ್ಲ ಅಕ್ಕೋರೇ. ಮಕ್ಕಳು ಫೋಟೊ ತೆಕ್ಕಳ್ಳಿ. ಇಷ್ಟು ಜಾಗ ಬಿಟ್ರೆ ಸಾಕು. ಮೇಲೆ ಒಂದು ಕಬ್ಬಿಣದ ಮುಚ್ಚಳ ಹಾಕ್ಲಿ, ಬೀಗ ಬೇಕಾದ್ರೂ ಹಾಕ್ಲಿ. ನನ್ನ ಭುಜ ಇಳೀಬೇಕು, ಅಷ್ಟೇಯ."

ಹೇಳುವಾಗ ಎರಡೂ ಕೈ ಭುಜದ ಅಗಲಕ್ಕೆ ಹಿಡಿದು ತೋರಿಸಿದ. ಸಣ್ಣ ಆಳು ಅವನು, ಅಗಲವೂ ಅಷ್ಟಕ್ಕಷ್ಟೇ. "ನೀವು ಮೀಟಿಂಗಲ್ಲಿ ಹೇಳಿದ್ರೆ ಅವ್ರು ಕೇಳ್ತಾರೆ. ನಾ ಹೇಳಿದ್ರೆ ಯಾರು ಕೇಳ್ತಾರೆ?" ಅಂದ. ನಾನು ಚಿತ್ರ ಮಡಿಚಿ ಕೈಚೀಲದಲ್ಲಿ ಇಟ್ಟುಕೊಂಡೆ. "ಚಿಂತೆ ಮಾಡಬೇಡ ಮಾರಾಯ, ಹೇಳ್ತೇನೆ" ಅಂದೆ. ಎಷ್ಟು ಸಲೀಸಾಗಿ ಅಂದೆ!

ಸಭೆಯಲ್ಲಿ ಏನಾಯಿತು ಅಂದರೆ ಏನೂ ಆಗಲಿಲ್ಲ. ಯಾರೂ ನನ್ನ ಬಾಯಿ ಮುಚ್ಚಿಸಲಿಲ್ಲ, ಹೆದರಿಸಲಿಲ್ಲ. ಅಧ್ಯಕ್ಷರು ನಗುತ್ತಾ, "ಅಕ್ಕೋರೇ, ನಿಮ್ಮ ವಾರ್ಡಿನ ರಸ್ತೆನೂ ಇದರ ಜೊತೆಗೇ ಇದೆ ನೋಡಿ, ಎಲ್ಲ ಒಟ್ಟಿಗೇ ಪಾಸು ಮಾಡಿಬಿಡುವಾ" ಅಂದರು. ಆ ರಸ್ತೆಗಾಗಿ ನಾನು ಎರಡು ವರ್ಷ ಅಲೆದಿದ್ದೆ. ಶಾಲೆಯ ಮಕ್ಕಳು ಕೆಸರಲ್ಲಿ ಜಾರಿ ಬೀಳುವ ರಸ್ತೆ ಅದು. ಈಗ ಎದ್ದು ನಿಂತು ತೂಬು, ಮುಚ್ಚಳ ಅಂದರೆ ಇಡೀ ವಿಷಯ ಮುಂದಿನ ಸಭೆಗೆ ಹೋಗುತ್ತದೆ, ರಸ್ತೆಯೂ ಹೋಗುತ್ತದೆ. ಹೀಗೆಲ್ಲ ಯೋಚಿಸಿದೆನೋ, ಆಮೇಲೆ ಮನಸ್ಸು ಸಮಾಧಾನ ಮಾಡಿಕೊಳ್ಳಲು ಸೇರಿಸಿಕೊಂಡದ್ದೋ, ಈಗ ಖಾತ್ರಿಯಿಲ್ಲ. "ಒಪ್ಪಿಗೆ ಇದ್ದವರು ಕೈ ಎತ್ತಿ" ಅಂದರು. ಎಲ್ಲರ ಕೈ ಮೇಲೆ ಹೋಯಿತು. ನನ್ನದೂ ಹೋಯಿತು. ಚಾ, ಅವಲಕ್ಕಿ ಬಂತು, ತಿಂದೆವು. ಚಿತ್ರ ಕೈಚೀಲದಲ್ಲೇ ಇತ್ತು.

ಮಾರನೇ ದಿನ ಬೆಳಿಗ್ಗೆ ನಳದ ಹತ್ತಿರ ಸಿಕ್ಕಿದ. ಅವನು ಕೇಳುವ ಮೊದಲೇ ನಾನೇ ಶುರು ಮಾಡಿದೆ.

"ಹೇಳಿದೆ ಮಾರಾಯ. ಎಷ್ಟು ಹೇಳಿದೆ ಗೊತ್ತುಂಟಾ? ಯಾರೂ ಕೇಳಲಿಲ್ಲ. ಎಂತ ಮಾಡೂದು?"

ಅವನು ವಾಲ್ವಿನ ಚಾವಿ ಹಿಡಿದು ನನ್ನ ಮುಖ ನೋಡಿದ. "ಹೌದಾ ಅಕ್ಕೋರೇ" ಅಂದ. ಆಮೇಲೆ, "ನೀವು ಹೇಳಿದ್ರಲ್ಲ, ಅಷ್ಟು ಸಾಕು" ಅಂದ. ಬಗ್ಗಿ ವಾಲ್ವು ತಿರುಗಿಸಿದ. ನಾನು ಬದುಕಿದೆ ಅಂದುಕೊಂಡು ಮನೆಗೆ ಬಂದೆ.

ಬೇಸಿಗೆ ಕಳೆಯುವುದರೊಳಗೆ ತೂಬಿನ ಸುತ್ತ ನೀರು ಮಾತ್ರ ನುಸುಳುವ ಸಣ್ಣ ಕಿಂಡಿಗಳ ಗೋಡೆ ಎದ್ದು ಮೇಲೆ ಸ್ಲ್ಯಾಬು ಬಿತ್ತು. ಒಳಗೆ ಬಿರಡೆ ಹಾಕಿದ್ದು ಹಾಕಿದ ಹಾಗೇ ಉಳಿಯಿತು. ಕಟ್ಟೆಯ ಮೇಲೆ ಸ್ಟೀಲಿನ ದೊಡ್ಡ ಹೃದಯ, ಅದರೊಳಗೆ ಊರಿನ ಹೆಸರು. ವೀರಗಲ್ಲುಗಳಿಗೆ ಯಾರೋ ಭಕ್ತಿಯಿಂದಲೇ ಬೆಳ್ಳಿ ಬಣ್ಣದ ಪೇಂಟು ಬಳಿದರು. ಕತ್ತಿ ಹಿಡಿದ ವೀರನ ಮೂಗು ಬಾಯಿ ಎಲ್ಲ ಪೇಂಟಿನಲ್ಲಿ ಮುಚ್ಚಿ ಹೋಯಿತು. ಇವನು ಹಳೇ ಚಾಳಿಯಂತೆ ಒದ್ದೆ ಬಟ್ಟೆ ತಂದು, ಎಲ್ಲಿ ಒರೆಸುವುದು ಅಂತ ತಿಳಿಯದೆ ನಿಂತದ್ದನ್ನು ನಾನು ರಿಕ್ಷಾದಿಂದ ನೋಡಿದೆ. ಇಳಿಯಲಿಲ್ಲ.

ಆ ವರ್ಷದ ಮೊದಲ ಮಳೆಗೆ ಊರಿನ ಕೊಳೆಯಷ್ಟೂ ಕೆರೆಗೆ ಇಳಿದು ಅಲ್ಲೇ ಕೂತಿತು. ಹೊರಗೆ ಹೋಗಲು ದಾರಿ ಎಲ್ಲಿದೆ? ನವರಾತ್ರಿಯ ಹೊತ್ತಿಗೆ ಮೀನು ಹೊಟ್ಟೆ ಮೇಲಾಗಿ ತೇಲಿದವು. ನೀರುನಾಯಿಗಳು ಯಾವಾಗ ಹೋದವೋ ಯಾರಿಗೂ ಗೊತ್ತಾಗಲಿಲ್ಲ. ತಾವರೆಯ ಜಾಗದಲ್ಲಿ ಅಂತರಗಂಗೆ ಕಳೆ ಹಬ್ಬಿತು. ವಾಕಿಂಗಿಗೆ ಬಂದವರು ಮೂಗಿಗೆ ಕರವಸ್ತ್ರ ಹಿಡಿದು ನಡೆಯತೊಡಗಿದರು. ಕೆರೆಬೇಟೆಯ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

ಅವನು ಆಗ ಒಂದು ಬಾಟಲಿ ಹಿಡಿದು ತಿರುಗಲು ಶುರು ಮಾಡಿದ. ನೀರಿನ ಬಾಟಲಿಯಲ್ಲಿ ಕೆರೆಯ ನೀರು. ಅಧ್ಯಕ್ಷರ ಮನೆ, ಮುಖ್ಯಾಧಿಕಾರಿಯ ಕೋಣೆ, ತಾಲೂಕಿನ ಕಚೇರಿಗಳು, ಎಲ್ಲಿ ಹೋದರೂ ಮೇಜಿನ ಮೇಲೆ ಬಾಟಲಿ ಇಟ್ಟು ಮುಚ್ಚಳ ತೆಗೆಯುವುದು. "ಏಯ್, ಮುಚ್ಚು ಮಾರಾಯ, ಮುಚ್ಚು" ಅಂತ ಅವರು ಫ್ಯಾನು ಜೋರು ಮಾಡುವುದು. ಇವನು ಬಲಗಿವಿ ಕೊಟ್ಟು ಅಡ್ಡ ನಿಂತು, "ಭುಜ ಇಳಿಯೂವಷ್ಟು ಜಾಗ ಸಾಹೇಬ್ರೆ" ಅನ್ನುವುದು. ನಮ್ಮ ಮನೆಗೆ ಮಾತ್ರ ಬಾಟಲಿ ತರಲಿಲ್ಲ. ನನಗೆ ಸಂಕಟ ಆಗಬಾರದು ಅಂತ ಬಿಟ್ಟಿದ್ದಾನೆ ಅಂದುಕೊಂಡಿದ್ದೆ.

ಮರುವರ್ಷದ ಮಳೆ ವಾರಗಟ್ಟಲೆ ಬಿಡಲಿಲ್ಲ. ಹೆಚ್ಚಾದ ನೀರು ಹರಿದು ಹೋಗುವ ಕೋಡಿಯನ್ನು ವಾಕಿಂಗ್ ದಾರಿಗಾಗಿ ಕಿರಿದು ಮಾಡಿ ಸರಳು ಹಾಕಿದ್ದರು. ಆ ಸರಳಿಗೆ ಅಂತರಗಂಗೆ, ಪ್ಲಾಸ್ಟಿಕ್ಕು ಬಂದು ಕಚ್ಚಿಕೊಂಡಿತು. ಮೂರು ದಿನ ಅವನು ಎದೆಮಟ್ಟದ ನೀರಲ್ಲಿ ನಿಂತು ಅದನ್ನು ಎಳೆದೆಳೆದು ಹಾಕಿದ. ಎಳೆದಷ್ಟೂ ಬರುತ್ತಿತ್ತು. ನಾಲ್ಕನೇ ದಿನ ಬೆಳಿಗ್ಗೆ ಓಡಿ ಬಂದ. ನನ್ನ ಅಂಗಳದಲ್ಲಿ ನಿಂತು ಏದುಸಿರು ಬಿಡುತ್ತಾ ಅಂದ:

"ಏರಿ ಬುಡದಲ್ಲಿ ಕೆಂಪು ನೀರು ಜಿನುಗ್ತಾ ಅದೆ ಅಕ್ಕೋರೇ. ತಿಳಿ ನೀರು ಬಂದ್ರೆ ಹೆದರೂದು ಬೇಡ. ಕೆಂಪು ಬಂತು ಅಂದ್ರೆ ಒಳಗಿಂದ ಮಣ್ಣು ಹೋಗ್ತಾ ಅದೆ. ಕೆಳಗಿನ ಕೇರಿಯಲ್ಲಿ ಮಕ್ಕಳು ಮರಿ ಅವೆ."

ನಾನು ಮುಖ್ಯಾಧಿಕಾರಿಗೆ ಫೋನು ಹಚ್ಚಿದೆ. ಎಂಜಿನಿಯರು ದಾರಿಯಲ್ಲಿ ಮರ ಬಿದ್ದು ಸಿಕ್ಕಿಕೊಂಡಿದ್ದಾರೆ, ಬಂದು ನೋಡುವ ತನಕ ಯಾರೂ ಏನೂ ಮುಟ್ಟಬಾರದು ಅಂದರು. ಅದನ್ನೇ ಅವನಿಗೆ ಹೇಳಿದೆ.  ಅವನು ತಿರುಗಿ ಏರಿಯ ಕಡೆ ಓಡಿದ. ನಾನು ಕೊಡೆ ಹಿಡಿದು ಹೋಗುವ ಹೊತ್ತಿಗೆ ಸೆಲ್ಫಿ ಕಟ್ಟೆಯ ಮೇಲೆ ಹತ್ತಿ ಹಾರೆಯಿಂದ ಕುಟ್ಟುತ್ತಿದ್ದ.

ಅರ್ಧ ಊರು ಏರಿಯ ಮೇಲೆ ಕೊಡೆ ಹಿಡಿದು ನಿಂತಿತ್ತು. ಇಪ್ಪತ್ತು ಮೂವತ್ತು ಮೊಬೈಲು ಅವನ ಕಡೆಗಿದ್ದವು. ಕೈ ಹಾಕಿದವನು ಒಬ್ಬ, ಯಲ್ಲಾಪುರದ ಲಾರಿ ಡ್ರೈವರು, ನೀರಿಗೆ ಹೆದರಿ ಲಾರಿ ನಿಲ್ಲಿಸಿಕೊಂಡಿದ್ದ ಸಾಬ. "ಅರೆ, ಒಬ್ಬ ಮುದುಕ ಒಡೀತಾ ಇದಾನೆ, ನೋಡ್ತಾ ನಿಂತೀರಲ್ರೀ, ನಾಚಿಕೆ ಆಗ್ಬೇಕು ನಿಮ್ಗೆ" ಅಂತ ಎಲ್ಲರಿಗೂ ಉಗಿದು, ಲಾರಿಯಿಂದ ದೊಡ್ಡ ಸುತ್ತಿಗೆ ತಂದು ತಾನೂ ಹೊಡೆಯತೊಡಗಿದ. ಆ ಉಗುಳು ನನಗೂ ಬಿತ್ತು. ಮಧ್ಯಾಹ್ನ ದಾಟುವ ಹೊತ್ತಿಗೆ ಒಂದು ತೂತಾಯಿತು. ಇವನು ಸರಳು ಬಗ್ಗಿಸಿ, ಅಂಗಿ ತೆಗೆದು, ಭುಜ ಓರೆ ಮಾಡಿ ಇಳಿದ. ಸಿಮೆಂಟಿನ ಅಂಚು ಎರಡೂ ತೋಳಿನ ಚರ್ಮ ಕೆರೆದದ್ದು ನನಗೆ ಕಂಡಿತು.

ಒಂದು ಸಲ ಮೇಲೆ ಬಂದ, ಆಗಲಿಲ್ಲ ಅಂತ ತಲೆ ಆಡಿಸಿದ. ಮತ್ತೆ ಮುಳುಗಿದ. ಮತ್ತೆ ಬಂದ, ಕೆಮ್ಮಿದ, ಕಪ್ಪು ನೀರು ಉಗುಳಿದ. ಮೂರನೇ ಸಲ ಇಳಿದವನು ಬರಲೇ ಇಲ್ಲ ಅನ್ನುವಷ್ಟು ಹೊತ್ತಾಯಿತು. ನಾನು ಯಾವ ಯಾವ ದೇವರಿಗೆ ಹರಕೆ ಹೇಳಿಕೊಂಡೆನೋ. ಆಗ ಏರಿಯ ಆಚೆಯಿಂದ ಗುಡುಗಿದ ಹಾಗೆ ಸದ್ದಾಗಿ ನೀರು ಹಳ್ಳಕ್ಕೆ ನುಗ್ಗಿತು. ಡ್ರೈವರು ಅವನ ಕೈ ಹಿಡಿದು ಮೇಲೆಳೆದ. ಸಂಜೆಯೊಳಗೆ ಕೆರೆ ಮೂರು ಗೇಣು ಇಳಿಯಿತು. ಏರಿ ಉಳಿಯಿತು. ಕೆಳಗಿನ ಕೇರಿ ಉಳಿಯಿತು.

ಜನ ಚಪ್ಪಾಳೆ ಹೊಡೆದರು, ಸುಳ್ಳು ಹೇಳುವುದಿಲ್ಲ. ಎರಡು ದಿನ ಅಷ್ಟೇ. ಮಳೆ ನಿಂತು ಬಿಸಿಲು ಬಂದ ಮೇಲೆ, ಎಂಜಿನಿಯರು ಬಂದು ನೋಡಿ ಏರಿ ಗಟ್ಟಿಯಾಗಿಯೇ ಇತ್ತು ಅಂದರು. ಇತ್ತೇ ಹೌದು, ಅವನು ನೀರು ಇಳಿಸಿದ ಮೇಲೆ! ಸಾರ್ವಜನಿಕ ಆಸ್ತಿ ಹಾಳು ಮಾಡಿದ ಅಂತ ದೂರು ಹೋಯಿತು, ಅವನ ದಿನಗೂಲಿಯ ಕೆಲಸವೂ ಹೋಯಿತು. ಪಂಚನಾಮೆಗೆ ವಾರ್ಡಿನ ಸದಸ್ಯರು ಬೇಕು ಅಂತ ಪೊಲೀಸರು ನನ್ನನ್ನು ಕರೆದರು. ಕಟ್ಟೆಯ ಹತ್ತಿರ ನಿಲ್ಲಿಸಿ ಬರೆದದ್ದು ಓದಿ ಹೇಳಿದರು. ಇಂಥವನು ದುರುದ್ದೇಶದಿಂದ, ಹಾರೆಯಿಂದ, ಇಷ್ಟು ಅಗಲ, ಇಷ್ಟು ಉದ್ದ. "ದುರುದ್ದೇಶ ಅಂತ ಯಾಕೆ?" ಅಂದೆ. "ಅದು ಹಾಗೇ ಬರೆಯೋದು ಮೇಡಂ" ಅಂದರು. ನಾನು ಪೆನ್ನು ಹಿಡಿದು ನಿಂತೆ. ಅವನು ಅಲ್ಲೇ ಇದ್ದ, ತೋಳಿಗೆ ಬಟ್ಟೆ ಸುತ್ತಿಕೊಂಡು, ಸಣ್ಣಗೆ ಕೆಮ್ಮುತ್ತಾ.

"ಹಾಕಿ ಅಕ್ಕೋರೇ. ಒಡೆದದ್ದು ನಾನೇ ಅಲ್ದಾ. ನಿಮ್ಗೆ ಎಂತಕ್ಕೆ ತೊಂದರೆ?"

ಹಾಕಿದೆ. ಅವತ್ತಿನ ನನ್ನ ಸಹಿಯನ್ನು ನೋಡಿದರೆ ಯಾರೂ ಟೀಚರದು ಅನ್ನಲಾರರು.

ಇದಕ್ಕಿಂತ ದೊಡ್ಡ ತಮಾಷೆ ಆಮೇಲಿನದು. ತೂಬು ತೆರೆದೇ ಇತ್ತಲ್ಲ, ನೀರು ಹೋಗುತ್ತಲೇ ಇತ್ತು. ಬಿರಡೆ ಹಾಕಬೇಕು. ಹಾಕಲು ಬರುವವರು ಯಾರು? ಕೇಸು ಹಾಕಿದವರೇ ಅವನನ್ನು ಕರೆಸಿದರು. ಕೂಲಿಯಿಂದ ತೆಗೆದುಹಾಕಿದವರೇ "ಒಂದು ಸಲ ಇಳಿದು ಹಾಕಿ ಕೊಡು" ಅಂದರು. ನಾನು ಅವನ ಮನೆಗೆ ಓಡಿದೆ. "ಹೋಗಬೇಡ ಮಾರಾಯ. ಸಾಯಲಿ ಅವರು. ಕೆರೆ ಖಾಲಿಯಾಗಿ ದೋಣಿ ಕೆಸರಲ್ಲಿ ಕೂತಾಗ ಬುದ್ಧಿ ಬರ್ತದೆ" ಅಂದೆ. ಅವನು ಚಪ್ಪಲಿ ಮೆಟ್ಟುತ್ತಾ ಅಂದ: "ಖಾಲಿಯಾದ್ರೆ ಉಳಿದ ನಾಲ್ಕು ಮೀನು ಎಲ್ಲಿ ಹೋಗ್ಬೇಕು ಅಕ್ಕೋರೇ?" ಹೋದ. ಅದೇ ತೂತಿನಿಂದ ಇಳಿದು ಬಿರಡೆ ಹಾಕಿ ಬಂದ. ಅವನು ಮೈ ಒರೆಸಿಕೊಳ್ಳುತ್ತಿದ್ದಂತೆಯೇ ತೂತಿಗೆ ಕಬ್ಬಿಣ ಕಟ್ಟಿದರು. ಮರುದಿನ ಮೊದಲಿಗಿಂತ ದಪ್ಪಗೆ ಕಾಂಕ್ರೀಟು ಹಾಕಿದರು.

ಅದರ ನಂತರದ ಸಭೆಯಲ್ಲಿ ನಾನು ಕೂಗಾಡಿದೆ. ಹೌದು, ಆಗ ಕೂಗಾಡಿದೆ. "ಅಕ್ಕೋರೇ, ಮೊದಲಿನ ಠರಾವಿಗೆ ನೀವೂ ಒಪ್ಪಿದ್ರಲ್ಲ" ಅಂತ ಅಧ್ಯಕ್ಷರು ಪುಸ್ತಕ ತಿರುಗಿಸಿ ತೋರಿಸಿದರು. ಸರ್ವಾನುಮತ ಅಂತ ಇತ್ತು. 

ಆ ಕೆಮ್ಮು ಅವನನ್ನು ಬಿಡಲಿಲ್ಲ. ಆ ಕೊಳೆ ನೀರು ಎದೆಗೆ ಹೋದದ್ದೇ ಕಾರಣ ಅಂತ ನಾನು ಅನ್ನುತ್ತೇನೆ, ಡಾಕ್ಟರು ಹಾಗೇನೂ ಹೇಳಲಿಲ್ಲ. ಕೇಸಿನ ತಾರೀಖಿಗೆ ಶಾಲು ಸುತ್ತಿಕೊಂಡು ಬಸ್ಸಿಗೆ ಹೋಗುತ್ತಿದ್ದ. ಉಳಿದ ದಿನ ಏರಿಯ ಮೇಲೆ ಕೂರುತ್ತಿದ್ದ. ನಾನು ಹೋದರೆ ಜಾಗ ಮಾಡಿಕೊಡುತ್ತಿದ್ದ, ಮಗಳ ಸುದ್ದಿ, ಮಳೆಯ ಸುದ್ದಿ ಹೇಳುತ್ತಿದ್ದ. ತೂಬಿನ ಮಾತು ಮಾತ್ರ ಇಬ್ಬರೂ ಆಡುತ್ತಿರಲಿಲ್ಲ. ಒಮ್ಮೆ, "ಮೊದಲ ಮಳೆ ಬರೂದ್ರೊಳಗೆ ಯಾರಾದ್ರೂ ಒಂದು ತೂತು ಕೊರೆದ್ರೆ, ನಾ ಇಳಿದು ಕಲಿಸಿಕೊಡ್ತಿದ್ದೆ" ಅಂದ. ಯಾರಿಗೆ ಅಂದನೋ. ನಾನು ಅಲ್ಲಿದ್ದೆ, ಅಷ್ಟೆ. ನನ್ನ ಸದಸ್ಯತ್ವದ ಅವಧಿ ಮುಗಿದ ಮೇಲೆ, ಮಾವು ಹೂ ಬಿಡುವ ಹೊತ್ತಿಗೆ ಹೋದ. ಅವನು ಮುಳುಗುವ ಬಗೆಯೂ, ಬಿರಡೆ ಯಾವ ಕಡೆ ತಿರುಗಿಸಿದರೆ ಬರುತ್ತದೆ ಅನ್ನುವುದೂ ಅವನ ಜೊತೆಗೇ ಹೋಯಿತು.

ಪಂಚನಾಮೆಯ ಸಾಕ್ಷಿ ಅಂತ ನನಗೆ ಕೋರ್ಟಿನ ಸಮನ್ಸು ಅದಕ್ಕಿಂತ ಮೊದಲೇ ಬಂದಿತ್ತು. ನಾನು ಒಂದು ಪುಟ ಬರೆದುಕೊಂಡಿದ್ದೆ. ಅವನು ಮೊದಲೇ ಕೇಳಿದ್ದ, ಭುಜದಷ್ಟು ಜಾಗ ಕೇಳಿದ್ದ, ಹೇಳುತ್ತೇನೆ ಅಂದವಳು ನಾನು, ಹೇಳಲಿಲ್ಲ, ದುರುದ್ದೇಶ ಇದ್ದರೆ ಅದು ಅವನದಲ್ಲ. ಕನ್ನಡಿಯ ಮುಂದೆ ನಿಂತು ಓದಿ ಓದಿ ಬಾಯಿಪಾಠ ಮಾಡಿದ್ದೆ. "ಎಂತದೇ ಇದು, ಶಾಲೆ ಗ್ಯಾದರಿಂಗಿನ ಭಾಷಣವಾ?" ಅಂತ ನಮ್ಮನೆಯವರು ಕೇಳಿದ್ದರು. ಅವನು ಹೋದ ಮೇಲೂ ತಾರೀಖಿಗೆ ಹೋದೆ. ಸತ್ತ ಮೇಲಾದರೂ ಅವನ ಹೆಸರಿನಿಂದ ಆ ಮಾತು ತೆಗೆಸಬೇಕು ಅಂತ ಒಂದೇ ಹಟ.

ಕೋರ್ಟಿನಲ್ಲಿ ಅವನ ಹೆಸರು ಕೂಗಿದರು. ಅವನ ಹೆಂಡತಿ ಮರಣಪತ್ರ ಕೊಟ್ಟಳು. ನ್ಯಾಯಾಧೀಶರು ನೋಡಿದರು, ಏನೋ ಬರೆದರು. "ಆರೋಪಿ ತೀರಿಕೊಂಡಿದ್ದಾನೆ, ಕೇಸು ಮುಗೀತಮ್ಮ, ನೀವು ಹೋಗಬಹುದು" ಅಂತ ಗುಮಾಸ್ತರು ಅಂದರು. "ನನ್ನದೊಂದು ಹೇಳಿಕೆ ಇತ್ತು" ಅಂದೆ. "ಇನ್ನು ಬೇಕಾಗಿಲ್ಲ" ಅಂದರು. ಅಷ್ಟರಲ್ಲಿ ಮುಂದಿನ ಕೇಸಿನವರು ಬಂದು ನನ್ನ ಮುಂದೆ ನಿಂತಾಗಿತ್ತು.

ಹೊರಗೆ ಮರದ ಕೆಳಗೆ ಬೆಂಚಿತ್ತು. ಅವನ ಹೆಂಡತಿ ಉಳಿದ ಜೆರಾಕ್ಸುಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಕೋರ್ಟಿಗೆ ಹೇಳಬೇಕಾದದ್ದನ್ನು ಅವಳಿಗೆ ಹೇಳಿದೆ. ಬಾಯಿಪಾಠ ಎಲ್ಲ ಮರೆತು ಹೋಯಿತು. "ಸಭೆಯಲ್ಲಿ ನಾನು ಅವನ ಮಾತು ಎತ್ತಲೇ ಇಲ್ಲ ಮಾರಾಯ್ತಿ. ಸುಮ್ಮನೆ ಕೈ ಎತ್ತಿದೆ. ಮಾರನೇ ದಿನ ಹೇಳಿದೆ ಅಂತ ಅವನ ಹತ್ತಿರ ಸುಳ್ಳು ಹೇಳಿದೆ" ಅಂದು ಅತ್ತೆ.

ಅವಳು ಅಳಲಿಲ್ಲ, ನನಗೆ ಬೈಯಲೂ ಇಲ್ಲ. ಚೀಲದ ಬಾಯಿ ಗಂಟು ಹಾಕಿದಳು.

"ಅವ್ರಿಗೆ ಗೊತ್ತಿತ್ತು ಅಕ್ಕೋರೇ."

"ಎಂತ ಗೊತ್ತಿತ್ತು?"

"ನೀವು ಕೈ ಎತ್ತಿದ್ದು. ಮೀಟಿಂಗಿಗೆ ಚಾ ತಗಂಡು ಹೋದವ್ರು ಅವ್ರೇ ಅಲ್ದಾ. ಒಳಗೆ ಬರ್ಲಿಲ್ಲ, ಹೊರಗೆ ಕಿಟಕಿ ಹತ್ರ ನಿಂತು ನೋಡ್ಯಾರೆ."

ನಳದ ಹತ್ತಿರ ನನ್ನ ಮುಖ ನೋಡಿ "ಅಷ್ಟು ಸಾಕು" ಅಂದಿದ್ದನಲ್ಲ.  ಅವಳನ್ನು ಕೇಳಿದೆ.

"ಮನೆಗೆ ಬಂದು ಎಂತ ಅಂದ?"

"ಎಂತದೂ ಇಲ್ಲ. 'ಅಕ್ಕೋರೂ ಕೈ ಎತ್ತಿದ್ರು' ಅಂದ್ರು. ಅವತ್ತು ಊಟ ಮಾಡ್ಲಿಲ್ಲ."